ಸೊನ್ನೆ ಹಿಡಿಯುವ ಕುರ್ಚಿ

ಸಿನಿಮಾಕ್ಕೆ ಮೂರನೇ ಪಟ್ಟಿ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಮೊದಲನೆಯದು ಚಿತ್ರ, ಎರಡನೆಯದು ಧ್ವನಿ, ಮೂರನೆಯದು ಒಳಗಿನದು. ಥಿಯೇಟರಿನ ಬಾಗಿಲಲ್ಲಿ ಟಿಕೆಟ್ ಹರಿಯುವವರು ಮೆತ್ತನೆಯದೊಂದು ಬಟ್ಟೆಯ ಬಳೆ ಕೊಡುತ್ತಿದ್ದರು. ಅದನ್ನು ತಲೆಗೆ ಸುತ್ತಿಕೊಂಡು ಕೂತರೆ ಪರದೆಯ ಮೇಲಿನವರ ಎದೆಬಡಿತ, ಗಂಟಲ ಬಿಗಿ, ಹೊಟ್ಟೆಯ ತಳಮಳ ಎಲ್ಲ ನಿಮ್ಮದೇ ಆಗುತ್ತಿತ್ತು. ಕಂಪನಿಯವರು ಅದಕ್ಕೆ ಉದ್ದುದ್ದ ಹೆಸರಿಟ್ಟರು. ಜನ ಪೇಟ ಅಂದರು, ಪೇಟ ಅಂತಲೇ ಉಳಿಯಿತು. ಸ್ವಂತ ಮದುವೆಯಲ್ಲಿ ಪೇಟ ಸುತ್ತಿಕೊಳ್ಳಲು ನಾಚಿದವರೂ ವಾರಕ್ಕೊಂದು ಸಲ ಈ ಪೇಟ ಸುತ್ತಿಕೊಂಡು ಚೆನ್ನಾಗಿ ಅತ್ತು ಬರುತ್ತಿದ್ದರು.

ಆ ಎದೆಬಡಿತ ನಟರದ್ದಲ್ಲ. ನಟರು ನಟಿಸುತ್ತಿರುತ್ತಾರೆ, ಅವರ ಒಳಗೆ ಮಧ್ಯಾಹ್ನದ ಊಟದ ಯೋಚನೆಯೇ ಹೆಚ್ಚು. ಅದಕ್ಕೆ ಬೇರೆಯೇ ದಾನಿಗಳಿದ್ದರು. ನಿಜವಾಗಿ ಹೆದರಿದವರು, ನಿಜವಾಗಿ ಅತ್ತವರು. ಅವರ ಮೈಗೆ ತಂತಿ ಸಿಕ್ಕಿಸಿ ಹಿಡಿದಿಟ್ಟದ್ದನ್ನು ಚಿತ್ರಕ್ಕೆ ಹೊಂದಿಸಿ ಅಂಟಿಸುವುದು ಒಂದು ಕಸುಬು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ, ಹಿಂದೆ ಸೀರೆ ಅಂಗಡಿಯಾಗಿದ್ದ ಕಟ್ಟಡದ ಎರಡನೇ ಮಹಡಿಯಲ್ಲಿ, ಆ ಕಸುಬನ್ನು ಮೊದಲ ದಿನದಿಂದ ಮಾಡಿಕೊಂಡು ಬಂದವಳು ಸಿಂಚನಾ. ಅವಳಿಗೆ ಐವತ್ತಾರು. ಅವಳು ಹುಟ್ಟಿದ ಕಾಲದಲ್ಲಿ ಬೀದಿಗೊಬ್ಬಳು ಸಿಂಚನಾ ಇದ್ದಳು, ಈಗ ಅದು ಅಜ್ಜಿಯರ ಹೆಸರು ಅಂತ ಮಕ್ಕಳು ನಗುತ್ತವೆ.

ಈ ಕಸುಬಿನ ಬುಡದಲ್ಲಿ ಇರುವುದು ಒಂದು ಕುರ್ಚಿ. ಒಬ್ಬೊಬ್ಬರ ಮೈ ಒಂದೊಂದು ಥರ. ಸುಮ್ಮನಿದ್ದಾಗಲೂ ಒಬ್ಬನ ಎದೆ ಎಂಬತ್ತು ಸಲ ಬಡಿಯುತ್ತದೆ, ಇನ್ನೊಬ್ಬಳದು ಅರವತ್ತು. ಹಾಗಾಗಿ ದಾನಿಯನ್ನು ಮೊದಲು ಕುರ್ಚಿಯಲ್ಲಿ ಕೂರಿಸಬೇಕು. ಪಾದ ನೆಲಕ್ಕೆ, ಕೈ ಮಡಿಲಿಗೆ, ಕಣ್ಣು ಎದುರಿನ ಖಾಲಿ ಗೋಡೆಗೆ. ಮೂರು ನಿಮಿಷ. ಅದು ಆ ಮನುಷ್ಯನ ನೆಮ್ಮದಿ ಅಂತ ಲೆಕ್ಕ. ಇದಕ್ಕೆ ಸೊನ್ನೆ ಹಿಡಿಯುವುದು ಅನ್ನುತ್ತಾರೆ. ಆಮೇಲೆ ಹಿಡಿದ ಎಲ್ಲದರಿಂದ ಈ ಸೊನ್ನೆಯನ್ನು ಕಳೆದರೆ ಉಳಿಯುವುದೇ ಭಾವ. ಗೆರೆ ಸೊನ್ನೆಯ ಮೇಲೆ ಏರಿದರೆ ಕಳವಳ, ಕೆಳಗೆ ಇಳಿದರೆ ನೆಮ್ಮದಿ.

ಆದರೆ ಸುಮ್ಮನೆ ಕೂತ ಮನುಷ್ಯನ ನೆಮ್ಮದಿಗಿಂತ ಬಹಳ ಕೆಳಕ್ಕೆ ಯಾರ ಗೆರೆಯೂ ಇಳಿಯುವುದಿಲ್ಲ. ಇಳಿಯಿತೆಂದರೆ ತಂತಿಯನ್ನು ತಿರುಗಾಮುರುಗಾ ಸಿಕ್ಕಿಸಿದ್ದಾರೆ ಅಂತ ಅರ್ಥ. ಅವಸರದಲ್ಲಿ ಅದು ದಿನಕ್ಕೆರಡು ಸಲ ಆಗುತ್ತಿತ್ತು. ಅಂಥ ಗೆರೆಯನ್ನು ಯಂತ್ರವೇ ಗುರುತಿಸಿ ತಲೆಕೆಳಗು ಮಾಡಿಕೊಳ್ಳಲಿ ಎಂದು ಹತ್ತೊಂಬತ್ತು ವರ್ಷದ ಹಿಂದೆ ಉಪಾಯ ಹೇಳಿಕೊಟ್ಟವಳೂ ಸಿಂಚನಾಳೇ. ಊರಿನ ಎಲ್ಲ ಸ್ಟುಡಿಯೊಗಳೂ ಅದನ್ನೇ ಪಾಲಿಸಿದವು. ಅವಳಿಗೆ ಒಂದು ಸಭೆಯಲ್ಲಿ ಶಾಲು ಹೊದಿಸಿದ್ದರು. ಸ್ಟುಡಿಯೊದ ಎ.ಸಿ. ಚಳಿಗೆ ಅವಳು ಈಗ ಹೊದ್ದುಕೊಳ್ಳುವುದು ಅದೇ ಶಾಲು.

ಇಷ್ಟು ವರ್ಷದಲ್ಲಿ ಆಟಿಸಂ ಇರುವ ಪಾತ್ರದ ಸಿನಿಮಾಗಳು ಹನ್ನೊಂದು ಅವಳ ಕೈಯಿಂದ ಹಾದುಹೋಗಿದ್ದವು. ಒಂದರಲ್ಲಿ ಹುಡುಗ ದೊಡ್ಡ ದೊಡ್ಡ ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ ಕಳ್ಳನನ್ನು ಹಿಡಿದುಕೊಟ್ಟ. ಇನ್ನೊಂದರಲ್ಲಿ ಹುಡುಗಿ ಪಿಟೀಲು ಮುಟ್ಟಿದ್ದೇ ತಡ ಊರೇ ಎದ್ದು ನಿಂತಿತು. ಉಳಿದವುಗಳಲ್ಲಿ ಮಗು ಹೆದರಿ ಮೂಲೆ ಸೇರಿತ್ತು, ಯಾರೋ ಬಂದು ಅಪ್ಪಿಕೊಂಡ ಕೂಡಲೇ ವಾಸಿಯಾಯಿತು. ಒಂದಕ್ಕೂ ಆಟಿಸಂ ಇರುವ ದಾನಿ ಇರಲಿಲ್ಲ. ಯಾರನ್ನೋ ಒಬ್ಬರನ್ನು ಲಿಫ್ಟಿನ ಕತ್ತಲಲ್ಲಿ ಹತ್ತು ನಿಮಿಷ ನಿಲ್ಲಿಸಿ ಹಿಡಿದ ದಿಗಿಲನ್ನೇ ಎಲ್ಲದಕ್ಕೂ ಅಂಟಿಸುತ್ತಿದ್ದರು. ಸಿಂಚನಾಳೇ ಅಂಟಿಸುತ್ತಿದ್ದಳು. ಮನೆಗೆ ಹೋದರೆ ತಮ್ಮ ಚಿರಂತ ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಡಬ್ಬಿಯ ಮುಚ್ಚಳ ತಿರುಗಿಸುತ್ತ, ಅಂಗೈಗಳನ್ನು ಪಟಪಟ ಆಡಿಸುತ್ತ ನಿಂತಿರುತ್ತಿದ್ದ. ಅವನಿಗೆ ಐವತ್ತು. ಬೆಳಗಿನ ಹೊತ್ತು ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಟವೆಲ್ ಮಡಿಸುವ ಕೆಲಸ. ಮಾತು ಕಡಿಮೆ. ಮುಚ್ಚಳ ನಿಂತಾಗ ಇನ್ನೊಮ್ಮೆ ತಿರುಗಿಸುತ್ತಿದ್ದ. ಅವನನ್ನು ನೋಡಿ ಅವಳಿಗೆ ನಾಚಿಕೆಯಾಗುತ್ತಿತ್ತು, ಆದರೆ ಮರುದಿನ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಳು. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ.

ಧನ್ವಿತ್ ಎಂಬ ಹೊಸ ನಿರ್ದೇಶಕ ಬಂದಾಗ ಅವಳೇ ಬಾಯಿಬಿಟ್ಟು ತಮ್ಮನ ವಿಷಯ ಹೇಳಿದಳು. ಮೂವತ್ತರ ಹುಡುಗ, ಮಾತಿಗೆ ಮುಂಚೆ ಕಣ್ಣು ತುಂಬಿಕೊಳ್ಳುವ ಜಾತಿ. ಅವನ ಕಥೆಯಲ್ಲಿ ಒಬ್ಬ ಅಪ್ಪ ಕುಡಿದು ಬಂದು ಹೊಡೆಯುತ್ತಾನೆ. ಆರು ವರ್ಷದ ಮಗ ಮಾತು ಬಿಡುತ್ತಾನೆ, ಮೇಜಿನ ಕೆಳಗೆ ಕೂತು ಮುಚ್ಚಳ ತಿರುಗಿಸುತ್ತಾನೆ, ಕೈ ಆಡಿಸುತ್ತಾನೆ. ಡಾಕ್ಟರು ಆಟಿಸಂ ಅನ್ನುತ್ತಾರೆ. ಕೊನೆಗೆ ಅಮ್ಮ ಅವನನ್ನು ಕರೆದುಕೊಂಡು ಮನೆ ಬಿಡುತ್ತಾಳೆ. ಹೊಸ ಮನೆಯಲ್ಲಿ ಹುಡುಗ ಕುರ್ಚಿಯ ಮೇಲೆ ಕೂರುತ್ತಾನೆ, ಕೈಗಳು ಮೆಲ್ಲಗೆ ಮಡಿಲಿಗೆ ಇಳಿಯುತ್ತವೆ, ಮುಗಿಯಿತು. ಹೊಡೆತ ತಿಂದರೆ ಆಟಿಸಂ ಬರುವುದಿಲ್ಲ, ಚಿರಂತ ಹುಟ್ಟಿದಾಗಿನಿಂದಲೇ ಹೀಗೆ, ಎಂದು ಅವಳು ಹೇಳಿ ನೋಡಿದಳು. ಕಥೆಗೆ ಬೇಕಾಗುತ್ತದೆ ಮೇಡಂ ಅಂದ. ತಮ್ಮನಿಗೆ ವಿಶೇಷ ಶಕ್ತಿ ಏನಾದರೂ ಇದೆಯೇ ಎಂದು ಕೇಳಿದ. ಟವೆಲ್ ಚೆನ್ನಾಗಿ ಮಡಿಸುತ್ತಾನೆ ಎಂದಳು. ಅವನು ಅದನ್ನು ಬರೆದುಕೊಳ್ಳಲಿಲ್ಲ.

ಆದರೂ ಅವಳು ಒಪ್ಪಿದಳು. ಕಥೆ ಹಾಳಾಗಿ ಹೋಗಲಿ, ಒಂದು ಸಲವಾದರೂ ಒಳಗಿನದು ಲಿಫ್ಟಿನ ದಿಗಿಲಾಗಿರದೆ ತಮ್ಮ ಚಿರುವಿನದೇ ಆಗಿರಲಿ, ಊರಿನವರು ಒಂದು ಗಂಟೆ ಅವನಾಗಿ ಇದ್ದು ನೋಡಲಿ ಎಂಬುದೊಂದೇ ಅವಳ ಆಸೆ. ಅವನನ್ನು ಕೇಳಿದಳು. ಆಯ್ತು ಅಂದ. ಅಕ್ಕ ಕೇಳಿದ್ದಕ್ಕೆಲ್ಲ ಅವನು ಆಯ್ತು ಅಂತಲೇ ಹೇಳುತ್ತಿದ್ದ.

ಸ್ಟುಡಿಯೊದಲ್ಲಿ ತಂತಿ ಸಿಕ್ಕಿಸಿ ಕುರ್ಚಿಯಲ್ಲಿ ಕೂರಿಸಿದರೆ ಚಿರಂತ ಮೂರು ನಿಮಿಷ ಕಲ್ಲಿನ ಹಾಗೆ ಕೂತ. ಎಷ್ಟು ಒಳ್ಳೆಯ ದಾನಿ ಎಂದು ಧನ್ವಿತ್ ಮೆಚ್ಚಿಕೊಂಡ. ಸಿಂಚನಾಳಿಗೂ ಒಂದು ಹೆಮ್ಮೆ. ಆಮೇಲೆ ಮುಚ್ಚಳಗಳನ್ನು ಕೊಟ್ಟರು. ಒಂದು ಗಂಟೆ ತಿರುಗಿಸಿದ, ತೂಗಾಡಿದ, ಕೈ ಆಡಿಸಿದ. ಅದನ್ನು ಮೇಜಿನ ಕೆಳಗಿನ ದೃಶ್ಯಕ್ಕೆ ಹೊಂದಿಸಿ ನೋಡಿದಾಗ ಗೆರೆ ಗಗನಕ್ಕೇರಿತ್ತು. ಅಂಥ ದಿಗಿಲನ್ನು ಆ ಕಟ್ಟಡ ಕಂಡಿರಲಿಲ್ಲ. ಪೇಟ ಸುತ್ತಿಕೊಂಡ ಧನ್ವಿತ್ ಎರಡು ನಿಮಿಷಕ್ಕೆ ಬೆವೆತು, ಇದೇ ಬೇಕಿತ್ತು ಎಂದು ಅವಳ ಕೈ ಹಿಡಿದುಕೊಂಡ. ಅವಳೂ ಸುತ್ತಿಕೊಂಡು ನೋಡಿದಳು. ಆ ದಿನ ಮನೆಗೆ ಹೋಗಿ ತಮ್ಮನ ಮುಂದೆ ತಟ್ಟೆ ಇಟ್ಟು, ಐವತ್ತು ವರ್ಷದಿಂದ ಇಷ್ಟು ಹೆದರಿಕೆ ಹೊತ್ತು ನನ್ನ ಅಡುಗೆಮನೆಯಲ್ಲೇ ನಿಂತಿದ್ದನಲ್ಲ ಎಂದು ನೆನೆದು ಅವಳಿಗೆ ಊಟ ಇಳಿಯಲಿಲ್ಲ. ಅವನು ಮೂರು ಚಪಾತಿ ತಿಂದು ಕೈ ತೊಳೆದುಕೊಂಡ.

ಉಳಿದದ್ದು ಕೊನೆಯ ದೃಶ್ಯ. ಕುರ್ಚಿಯಲ್ಲಿ ಕೂತ ವಾಸಿಯಾದ ಹುಡುಗ, ಅವನ ಒಳಗೆ ನೆಮ್ಮದಿ. ಸೋಮವಾರಕ್ಕೆ ಮೊದಲ ಪೇಟ ಇತ್ತು. ಇದು ಆ ಕಸುಬಿನ ಒಂದು ಪದ್ಧತಿ. ಸಿನಿಮಾ ಸಿದ್ಧವಾದ ಮೇಲೆ ತೆಂಗಿನಕಾಯಿ ಒಡೆದು, ನಿರ್ಮಾಪಕರಿಗಿಂತ ಮೊದಲು ದಾನಿಗೆ ಪೇಟ ಸುತ್ತುತ್ತಾರೆ. ತಾನು ಕೊಟ್ಟದ್ದನ್ನು ತಾನೇ ಮತ್ತೆ ಅನುಭವಿಸಿ ಅವನು ಹೂಂ ಅಂದರೆ ಮಾತ್ರ ಮುಂದಿನ ಕೆಲಸ. ಯಾರೂ ಇದುವರೆಗೆ ಇಲ್ಲ ಅಂದಿರಲಿಲ್ಲ. ಸೋಮವಾರ ಚಿರಂತನಿಗೆ ರಜೆ ಕೇಳಿ ಆಗಿತ್ತು.

ನೆಮ್ಮದಿಗಾಗಿ ಮತ್ತೆ ಅವನನ್ನು ಕರೆಸುವುದೇಕೆ ಎಂದು ಸಿಂಚನಾ ಯೋಚಿಸಿದಳು. ಹೇಗೂ ಅವನ ಸೊನ್ನೆ ಇದೆ. ಕುರ್ಚಿ, ಮಡಿಲಲ್ಲಿ ಕೈ, ಮೂರು ನಿಮಿಷ. ದೃಶ್ಯಕ್ಕೆ ಅಳತೆ ತೆಗೆದಂತಿದೆ. ಸೊನ್ನೆಯನ್ನು ಯಾರೂ ಪೇಟಕ್ಕೆ ಹಾಕಿ ನೋಡುವುದಿಲ್ಲ, ಕಳೆಯುತ್ತಾರೆ ಅಷ್ಟೇ. ಹಿಟ್ಟು ತೂಗುವಾಗ ಪಾತ್ರೆಯ ತೂಕ ಕಳೆದ ಹಾಗೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳು ಒಂದು ಸೊನ್ನೆಯನ್ನು ಏನೂ ಕಳೆಯದೆ, ಇದ್ದದ್ದು ಇದ್ದ ಹಾಗೆ ಪೇಟಕ್ಕೆ ಏರಿಸಿದಳು. ಶುಕ್ರವಾರ, ಊಟವಾದ ಮೇಲೆ, ಸ್ವಲ್ಪ ತೂಕಡಿಕೆಯೂ ಬರುತ್ತಿತ್ತು. ಶಾಲು ಹೊದ್ದು ಕಣ್ಣು ಮುಚ್ಚಿದಳು.

ಮೊದಲು ಚಾವಣಿಯ ದೀಪದ ಗುಂಯ್ ಸದ್ದು ಹಲ್ಲಿನ ಬೇರಿಗೆ ಇಳಿಯಿತು. ಉಸಿರು ಹೊರಗೆ ಹೋಗಲು ಅಪ್ಪಣೆ ಕಾಯುತ್ತಿತ್ತು. ಬೆನ್ನು ಮರಗಟ್ಟಿತ್ತು. ಎರಡೂ ಮುಂಗೈಗಳನ್ನು ಯಾರೋ ಹಿಡಿದು ತೊಡೆಗೆ ಒತ್ತಿದ್ದರು. ಹಿಡಿದವರ ಬೆರಳು ಚಿಕ್ಕವು. ಹೆಬ್ಬೆರಳು ಎರಡೂ ನಾಡಿಯ ಮೇಲಿದ್ದವು. ಸ್ಟುಡಿಯೊದಲ್ಲಿ ಅಂದು ಅವನನ್ನು ಯಾರೂ ಮುಟ್ಟಿರಲಿಲ್ಲ.

ಪೇಟ ಕಿತ್ತೆಸೆಯಬೇಕೆಂದು ಕೈ ಎತ್ತಿದಳು, ಆದರೆ ಅವಳಿಗೆ ಆ ಬೆರಳು ಗೊತ್ತಿದ್ದವು.

ಆಗ ಚಿರುವಿಗೆ ಆರು, ಅವಳಿಗೆ ಹನ್ನೆರಡು. ಒಂದು ತರಬೇತಿ ಕೇಂದ್ರದವರು ಸುಮ್ಮನೆ ಕೂರುವ ಪಾಠ ಹೇಳಿಕೊಟ್ಟಿದ್ದರು. ಕೈ ಆಡಿಸುವುದನ್ನು ಬಿಡಿಸಿದರೆ ಶಾಲೆಗೆ ಸೇರಿಸಿಕೊಳ್ಳುತ್ತಾರೆ. ಮನೆಯಲ್ಲೂ ದಿನಾ ಮಾಡಿಸಿ ಅಂದರು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದುದರಿಂದ ಅದು ಅಕ್ಕನ ಪಾಲಿಗೆ ಬಂತು. ಕುರ್ಚಿಯಲ್ಲಿ ಕೂರಿಸಿ, ಕೈ ಮಡಿಲಿಗೆ ಒತ್ತಿ ಹಿಡಿದು, ಒಂದರಿಂದ ನೂರ ಎಂಬತ್ತರವರೆಗೆ ಎಣಿಸಬೇಕು. ಕೈ ಎದ್ದರೆ ಮತ್ತೆ ಒಂದರಿಂದ. ಮೊದಮೊದಲು ಅವನು ಕಿರುಚುತ್ತಿದ್ದ. ಎರಡನೇ ವರ್ಷಕ್ಕೆ ಹಿಡಿಯುವುದೇ ಬೇಕಾಗಲಿಲ್ಲ. ನೂರ ಎಂಬತ್ತು ಮುಗಿದ ದಿನ ಮನೆಯವರೆಲ್ಲ ಚಪ್ಪಾಳೆ ತಟ್ಟಿದರು, ಅಕ್ಕನಿಗೇ ಹೆಚ್ಚು ಶಭಾಸ್‌ಗಿರಿ ಸಿಕ್ಕಿತು. ಅವಳು ಎಂದೂ ಹೊಡೆದವಳಲ್ಲ, ಗದರಿದವಳಲ್ಲ. ಮುದ್ದಿನಿಂದಲೇ ಎಣಿಸಿದ್ದಳು.

ಪೇಟದೊಳಗೆ ಮೂರು ನಿಮಿಷ ಮುಗಿಯುವವರೆಗೂ ಅವಳು ಕೂತಿದ್ದಳು. ಯಾವ ಕ್ಷಣಕ್ಕೆ ಮುಗಿಯುತ್ತದೆಂದು ಗಡಿಯಾರ ನೋಡದೆಯೇ ಗೊತ್ತಾಯಿತು.

ಆಮೇಲೆ ಕೆಲಸದವಳ ಬುದ್ಧಿ ತಾನಾಗಿ ನಡೆಯಿತು. ಇದು ಸೊನ್ನೆಯೆಂದರೆ ಇದನ್ನು ಕಳೆದ ಮೇಲೆ ಉಳಿದದ್ದೇನು? ಮುಚ್ಚಳದ ಗಂಟೆಯ ಮೂಲ ಗೆರೆಯನ್ನು ತೆಗೆದು ನೋಡಿದಳು. ಅದು ಮೇಲೇರಿರಲೇ ಇಲ್ಲ. ಕೆಳಗೆ, ಬಹಳ ಕೆಳಗೆ, ಯಾರ ಗೆರೆಯೂ ಇಳಿಯದ ಕಡೆ ಇಳಿದು ನಿಂತಿತ್ತು. ತಂತಿ ತಿರುಗಾಮುರುಗಾ ಆಗಿದೆ ಎಂದುಕೊಂಡು ಯಂತ್ರ ಅದನ್ನು ತಲೆಕೆಳಗು ಮಾಡಿತ್ತು. ಶಾಲು ತಂದುಕೊಟ್ಟ ಉಪಾಯ. ಅದನ್ನು ನಿಲ್ಲಿಸಿ ಸರಿಯಾದ ಗೆರೆಯನ್ನು ಪೇಟಕ್ಕೆ ಹಾಕಿದಳು. ದಿನವಿಡೀ ಬಿಗಿಯಾದ ಚಪ್ಪಲಿ ಹಾಕಿಕೊಂಡಿದ್ದು ಮನೆಗೆ ಬಂದು ಕಳಚಿದ ಹಾಗಿತ್ತು. ಮುಚ್ಚಳ ತಿರುಗುವಾಗ ಎದೆ ಹಗುರ, ಕೈ ಆಡಿದಾಗ ಇನ್ನೂ ಹಗುರ. ಅವನು ಖುಷಿಯಾಗಿದ್ದ. ಐವತ್ತು ವರ್ಷದಿಂದ ಅವಳ ಅಡುಗೆಮನೆಯಲ್ಲಿ ನಿಂತು ಖುಷಿಯಾಗಿದ್ದ. ಅವಳಿಗೆ ಅಳು ಬಂತು, ಆದರೆ ಅಳುವುದಕ್ಕೂ ಸುಸ್ತು. ಗೋಡೆಯ ಕಪಾಟಿನಲ್ಲಿ ಇಪ್ಪತ್ತೆರಡು ವರ್ಷದ ಸೊನ್ನೆಗಳು ಸಾಲಾಗಿದ್ದವು. ಅವುಗಳಲ್ಲಿ ಇಂಥವು ಎಷ್ಟಿವೆಯೋ ಎಂಬ ಯೋಚನೆಯನ್ನು ಅಂದಿಗೆ ಪಕ್ಕಕ್ಕಿಟ್ಟಳು.

ಶನಿವಾರ ಬೆಳಿಗ್ಗೆ ಧನ್ವಿತ್‌ನನ್ನು ಕೂರಿಸಿಕೊಂಡು ಎಲ್ಲ ಹೇಳಿದಳು. ಸೋಮವಾರ ಹೀಗೇ ಪೇಟ ಸುತ್ತಿದರೆ ತಮ್ಮನ ಸಂತೋಷವನ್ನು ಅವನಿಗೇ ದಿಗಿಲಾಗಿ ಉಣಿಸಿ, ಅವನ ದಿಗಿಲನ್ನು ನೆಮ್ಮದಿ ಎಂದು ಬಡಿಸಿದಂತಾಗುತ್ತದೆ, ಅದಕ್ಕೆ ತಾನು ಬಿಡುವುದಿಲ್ಲ ಎಂದಳು. ಅವನು, ಚಿತ್ರ ಎಲ್ಲ ತೆಗೆದಾಗಿದೆ, ಮೇಜಿನ ಕೆಳಗೆ ಖುಷಿ ಇಟ್ಟರೆ ಅಪ್ಪನ ಹೊಡೆತಕ್ಕೆ ಅರ್ಥವೇ ಇರುವುದಿಲ್ಲ, ಪೇಟವಿಲ್ಲದೆ ನೋಡಿದವರೂ ಅಲ್ಲೇ ಅತ್ತಿದ್ದಾರೆ, ಲಿಫ್ಟಿನ ದಿಗಿಲನ್ನೇ ಹಾಕಿಬಿಡೋಣ ಎಂದ. ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ, ದಣಿವಿತ್ತು. ಆ ಅಪ್ಪ ತನ್ನ ಅಪ್ಪನೇ ಎಂದು ಹೇಳಿದ. ತನಗೆ ಆಟಿಸಂ ಇರಲಿಲ್ಲ. ಮಾತು ಬರುತ್ತಿತ್ತು, ಶಾಲೆಯಲ್ಲಿ ಮೊದಲಿಗನಾಗಿದ್ದ. ಹಾಗೇ ತೋರಿಸಿದರೆ ಯಾರಿಗೂ ಏನೂ ಕಾಣುವುದಿಲ್ಲ.

"ನನ್ನ ನೋವಿಗೊಂದು ಮುಖ ಬೇಕಿತ್ತು ಮೇಡಂ," ಎಂದ. "ಕೈ ಆಡಿಸೋ ಮಗು ಆದ್ರೆ ಜನಕ್ಕೆ ಬೇಗ ಅರ್ಥ ಆಗುತ್ತೆ."

ಸಿಂಚನಾ ವಾದ ಮಾಡಲಿಲ್ಲ. ಪೇಟ ತೆಗೆದು ಅವನ ಕೈಗಿಟ್ಟು, ಕೊನೆಯ ದೃಶ್ಯಕ್ಕೆ ಸೊನ್ನೆ ಹಾಕಿದ್ದೇನೆ, ಮೂರು ನಿಮಿಷ ಕೂತು ನೋಡಿ ಎಂದಷ್ಟೇ ಹೇಳಿದಳು. ಪರದೆಯ ಮೇಲೆ ಹೊಸ ಮನೆ ಬಂತು. ಹುಡುಗ ಕುರ್ಚಿಯಲ್ಲಿ ಕೂತ. ಅಮ್ಮ ದೂರದಿಂದ ನೋಡಿ ಮುಗುಳ್ನಕ್ಕಳು. ಹುಡುಗನ ಕೈಗಳು ಮಡಿಲಿಗೆ ಇಳಿದವು.

ಒಂದೂವರೆ ನಿಮಿಷಕ್ಕೆ ಧನ್ವಿತ್ ಪೇಟ ತೆಗೆದು ಮೇಜಿನ ಮೇಲಿಟ್ಟ. ಮೇಜಿನ ಕೆಳಗಿನ ದೃಶ್ಯಕ್ಕೆ ಬೆವೆತಿದ್ದವನು ಈಗ ಬೆವೆತಿರಲಿಲ್ಲ, ತಣ್ಣಗಾಗಿದ್ದ.

"ಇದು ನಮ್ಮಪ್ಪನ ಗಾಡಿ ಗೇಟ್ ಹತ್ರ ನಿಂತ ಹೊತ್ತು," ಎಂದ. "ನಾನು, ನಮ್ಮಕ್ಕ ಇಬ್ರೂ ಪುಸ್ತಕ ಮುಚ್ಚಿ, ಹೀಗೇ ಕೈ ಇಟ್ಕೊಂಡು ಕೂತ್ಬಿಡ್ತಿದ್ವಿ. ಎಷ್ಟು ಒಳ್ಳೇ ಮಕ್ಕಳು ಅಂತ ಪಕ್ಕದ್ಮನೆಯವರು ಹೇಳೋರು."

ಪೇಟವನ್ನು ಪಕ್ಕಕ್ಕೆ ಸರಿಸಿ, ನಿಮ್ಮ ತಮ್ಮನಿಗೆ ಯಾರು ಹೊಡೆಯುತ್ತಿದ್ದರು ಎಂದು ಕೇಳಿದ.

"ಯಾರೂ ಹೊಡೀತಿರ್ಲಿಲ್ಲ ಸರ್. ನಾನು ಎಣಿಸ್ತಿದ್ದೆ."

ಇಬ್ಬರೂ ಪರದೆಯ ಮೇಲೆ ನಿಂತುಹೋದ ಹುಡುಗನನ್ನು ನೋಡುತ್ತ ಕೂತರು. ಚಿತ್ರದಲ್ಲಿ ಒಂದು ಚೌಕಟ್ಟನ್ನೂ ಮುಟ್ಟುವುದು ಬೇಡ ಎಂದು ಕೊನೆಗೆ ಧನ್ವಿತ್‌ನೇ ಹೇಳಿದ. ಮೇಜಿನ ಕೆಳಗೆ ಖುಷಿಯೇ ಇರಲಿ. ಆ ಮನೆಯಲ್ಲಿ ಹುಡುಗನಿಗೆ ಇದ್ದ ಒಂದೇ ಖುಷಿ ಅದಾಗಿತ್ತು ಅಂತ ಆಗಲಿ. ಕೊನೆಯಲ್ಲಿ ಅಮ್ಮ ನಗುತ್ತಿರಲಿ, ಹುಡುಗ ಸುಮ್ಮನೆ ಕೂತಿರಲಿ, ಪೇಟ ಸುತ್ತಿಕೊಂಡವರಿಗೆ ಮಾತ್ರ ಗೊತ್ತಾಗಲಿ. ನಿರ್ಮಾಪಕರು ಒಪ್ಪುತ್ತಾರೋ ಇಲ್ಲವೋ, ಬಿಡುಗಡೆಯೇ ಆಗದಿರಬಹುದು, ಅದು ತನ್ನ ಪಾಡು. ಆದರೆ ಎಲ್ಲ ಗೆರೆಗಳನ್ನೂ ಹೊಸದಾಗಿ ಹೊಂದಿಸಬೇಕಾದರೆ ಹೊಸ ಸೊನ್ನೆ ಬೇಕು, ಸೋಮವಾರದೊಳಗೆ ಹಿಡಿದು ತನ್ನಿ ಎಂದ. ಬಾಗಿಲವರೆಗೆ ಹೋದವನು ತಿರುಗಿ ನಿಂತು, ಚಿರಂತ ಅವರಿಗೆ ನಮಸ್ಕಾರ ಹೇಳಿ ಎಂದ.

ತಂತಿಯ ಪೆಟ್ಟಿಗೆ ಹಿಡಿದುಕೊಂಡು ಸಿಂಚನಾ ಮನೆಗೆ ಬಂದಾಗ ನಾಲ್ಕು ಗಂಟೆಯ ಬಿಸಿಲು ಅಡುಗೆಮನೆಯ ಕಿಟಕಿಯಲ್ಲಿತ್ತು. ಚಿರಂತ ಕಡಪ ಕಲ್ಲಿನ ಮುಂದೆ ನಿಂತಿದ್ದ. ಅಕ್ಕಿ ಡಬ್ಬಿಯ ದೊಡ್ಡ ಮುಚ್ಚಳ ಗಿರ್ರನೆ ತಿರುಗುತ್ತಿತ್ತು, ಅಂಗೈಗಳು ಪಟಪಟ ಆಡುತ್ತಿದ್ದವು. ಅವಳು ಬಾಗಿಲಲ್ಲೇ ನಿಂತು ನೋಡಿದಳು. ಮೊದಲ ಸಲ ನೋಡಿದ ಹಾಗಿತ್ತು.

ಅವಳು ಪೆಟ್ಟಿಗೆಯನ್ನು ಕೆಳಗಿಟ್ಟಳು. ಅವನು ಅದನ್ನು ಕಂಡ. ಮುಚ್ಚಳವನ್ನು ಅಂಗೈಯಿಂದ ಒತ್ತಿ ನಿಲ್ಲಿಸಿದ. ಹಜಾರಕ್ಕೆ ಹೋಗಿ ಕುರ್ಚಿಯನ್ನು ಗೋಡೆಗೆ ಎದುರಾಗಿ ತಿರುಗಿಸಿಕೊಂಡು ಕೂತ. ಪಾದ ನೆಲಕ್ಕೆ, ಕೈ ಮಡಿಲಿಗೆ. ಯಾರೂ ಹೇಳಿರಲಿಲ್ಲ.

"ಚಿರು, ಏಳಪ್ಪ. ಕುರ್ಚಿ ಬೇಡ."

ಅವನು ಏಳಲಿಲ್ಲ. ಅಕ್ಕನ ಮಾತು ಕೇಳಿಸದೆಯೂ ಇರಲಿಲ್ಲ. ಅವನ ಕಣ್ಣು ಗೋಡೆಯ ಮೇಲೆಯೇ ಇತ್ತು, ಕತ್ತಿನ ನರ ಉಬ್ಬಿತ್ತು. ಬೇಡ ಬಾ, ಇವತ್ತು ಅಲ್ಲೇ ಕಲ್ಲಿನ ಹತ್ತಿರವೇ ಸೊನ್ನೆ ಹಿಡಿಯುತ್ತೇನೆ, ಮುಚ್ಚಳ ತಿರುಗಿಸುತ್ತಲೇ ಇರು ಎಂದು ಹೇಳಿದಳು. ತೋಳು ಹಿಡಿದು ಎಬ್ಬಿಸೋಣವೆಂದು ಕೈ ಚಾಚಿದವಳು ಹಿಂದಕ್ಕೆಳೆದುಕೊಂಡಳು. ಮುಂಗೈ ಮುಟ್ಟುವುದು ಇನ್ನು ತನ್ನಿಂದಾಗದು ಎನ್ನಿಸಿತು. ಅವನು ಕೂತೇ ಇದ್ದ. ಎಣಿಕೆ ಶುರುವೇ ಆಗಿಲ್ಲ, ಮುಗಿಯದೆ ಏಳುವುದು ಹೇಗೆ. ನಲವತ್ತನಾಲ್ಕು ವರ್ಷದ ಹಿಂದೆ ಅವಳೇ ಕಲಿಸಿದ ನಿಯಮ ಅದು.

ಅವಳು ಅವನ ಪಕ್ಕದಲ್ಲಿ ನೆಲದ ಮೇಲೆ ಕುಸಿದು ಕೂತಳು. ಒಂದು ಎಂದು ಶುರು ಮಾಡಲು ಅವಳಿಂದಾಗಲಿಲ್ಲ.

"ನೂರ ಎಂಬತ್ತು," ಎಂದಳು.

ಚಿರಂತ ಗೋಡೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದ. ಇಷ್ಟು ವರ್ಷದಲ್ಲಿ ಅಕ್ಕ ಎಂದೂ ಲೆಕ್ಕ ತಪ್ಪಿದವಳಲ್ಲ.

"ಮುಗೀತಾ?"

"ಮುಗೀತು."

ಅವನು ಇನ್ನೂ ಕೂತಿದ್ದ. ಅವಳ ಮುಖವನ್ನೇ ನೋಡುತ್ತಿದ್ದ.

"ನಾಳೆ?"

"ನಾಳೆನೂ ಇಲ್ಲ ಚಿರು. ಇನ್ಯಾವತ್ತೂ ಇಲ್ಲ."

ಅವನು ಆಯ್ತು ಅನ್ನಲಿಲ್ಲ. ಒಂದು ಕೈ ಮಡಿಲಿನಿಂದ ಎದ್ದಿತು, ಅಲ್ಲೇ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಅವಳು ಮತ್ತೆ ಒಂದರಿಂದ ಶುರು ಮಾಡುತ್ತಾಳೋ ಎಂದು ಅವನು ಕಾದ. ಅವಳು ಏನೂ ಎಣಿಸಲಿಲ್ಲ. ಇನ್ನೊಂದು ಕೈಯೂ ಎದ್ದಿತು. ಆಮೇಲೆ ಅವನು ಎದ್ದು ಅಡುಗೆಮನೆಗೆ ಹೋದ, ಕಲ್ಲಿನ ಮೇಲೆ ಮುಚ್ಚಳ ತಿರುಗುವ ಸದ್ದು ಕೇಳಿಸಿತು. ಸಿಂಚನಾ ಪೆಟ್ಟಿಗೆಯನ್ನು ಬಿಚ್ಚದೆ ಅಲ್ಲೇ ನೆಲದ ಮೇಲೆ ಕೂತು ಆ ಸದ್ದನ್ನು ಕೇಳಿಸಿಕೊಂಡಳು. ಅದು ನಿಂತಾಗ ಅವನು ಇನ್ನೊಮ್ಮೆ ತಿರುಗಿಸಿದ.